ನಡುವಿನ ಮೇಜು

ಮಾರ್ಚ್ ೧೪, ಮಧ್ಯಾಹ್ನ

ಮಿಡತೆಯ ಅಪ್ಪನಿಗೆ,

ಹಿಂದಿನ ಎರಡು ಪತ್ರಗಳನ್ನು ನೀವು ಒಡೆಯದೆ ವಾಪಸು ಕಳಿಸಿದಿರಿ. ಇದನ್ನೂ ಕಳಿಸಬಹುದು. ಆದರೂ ಬರೆಯುತ್ತಿದ್ದೇನೆ. ಈ ಮಾತು ಹೇಳಲು ನನಗೆ ಬೇರೆ ಯಾರಿದ್ದಾರೆ?

ನಾನೀಗ ಆಪರೇಷನ್ನುಗಳನ್ನು ಓದುವುದು ಕಲಿಯುತ್ತಿದ್ದೇನೆ. ಇಷ್ಟು ವರ್ಷ ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಕೂತು ಜ್ವರ, ಕೆಮ್ಮು, ಸಕ್ಕರೆ ಕಾಯಿಲೆಗೆ ಬಿಲ್ಲಿಗೆ ಬೇಕಾದ ಕೋಡ್ ಸಂಖ್ಯೆ ಹಾಕುತ್ತಿದ್ದವಳು. ಇದು ಶಸ್ತ್ರಚಿಕಿತ್ಸೆಗೆಂದೇ ಇರುವ ಆರು ವಾರದ ತರಬೇತಿ. ಸರ್ಜನ್ ಬರೆದ ವರದಿಯನ್ನು ಸಾಲು ಸಾಲಾಗಿ ಓದಿ, ಅವರು ಮಾಡಿದ ಒಂದೊಂದು ಕೆಲಸಕ್ಕೂ ಸರಿಯಾದ ಕೋಡ್ ಹುಡುಕಬೇಕು. ಆಫೀಸಿನವರು ಕಳಿಸಿದರು ಎಂದು ಅಕ್ಕನಿಗೆ ಹೇಳಿದ್ದೇನೆ. ನಿಜವೆಂದರೆ ನಾನೇ ಕೇಳಿಕೊಂಡು ಬಂದೆ.

ಎರಡನೇ ಮಹಡಿಯ ಕೋಣೆ, ಹನ್ನೊಂದು ಜನ. ಕಿಟಕಿಗೆ ತಿಳಿಹಸಿರು ಪರದೆ. ಬಿಸಿಲು ಅದರೊಳಗಿಂದ ಸೋಸಿ ಬರುವಾಗ ನಾವೆಲ್ಲ ಕೆರೆಯ ತಳದಲ್ಲಿ ಕೂತು ಓದುತ್ತಿದ್ದೇವೆ ಅನಿಸುತ್ತದೆ. ಓದುತ್ತ ಓದುತ್ತ ನಾನು ಚರ್ಮ ದಾಟಿ, ಪದರ ಪದರ ದಾಟಿ, ಯಾರದೋ ಮೈಯೊಳಗಿನ ಮಬ್ಬು ಬೆಳಕಿನಲ್ಲಿ ನಡೆಯುತ್ತಿರುತ್ತೇನೆ. ಹೊರಗೆ ಬರುವಷ್ಟರಲ್ಲಿ ಚಹಾ ಆರಿ ಕೆನೆ ಕಟ್ಟಿರುತ್ತದೆ. ಪಕ್ಕದ ಸೀಟಿನ ಹುಡುಗಿ ನಗುತ್ತಾಳೆ. “ಅಕ್ಕಾ, ನೀವು ಒಂದು ಪಿತ್ತಕೋಶ ತೆಗೆಯೋಷ್ಟರಲ್ಲಿ ನಾನು ಊಟ ಮುಗಿಸಿ ಕೈ ತೊಳ್ಕೊಂಡು ಬಂದೆ” ಅಂತಾಳೆ. ನಮ್ಮ ಮಗಳು ಮಿಡತೆಗಿಂತ ಎರಡು ವರ್ಷಕ್ಕೆ ದೊಡ್ಡವಳಿರಬೇಕು.

ನಿನ್ನೆ ಅಂಗಾಂಗ ಕಸಿಯ ಪಾಠ. ಮೂರು ಹಾಳೆ ಕೊಟ್ಟರು. ತೀರಿಕೊಂಡವರ ಮೈಯಿಂದ ಕಿಡ್ನಿ ತೆಗೆದದ್ದಕ್ಕೆ ಒಂದು ಕೋಡ್ ಹಾಕಿದೆ, ಇನ್ನೊಬ್ಬರಿಗೆ ಜೋಡಿಸಿದ್ದಕ್ಕೆ ಒಂದು. ಎಂದೂ ಇಲ್ಲದೆ ಎಲ್ಲರಿಗಿಂತ ಮೊದಲು ಪೆನ್ನು ಕೆಳಗಿಟ್ಟೆ. ಕಲಿಸುವ ಮೇಡಂ ಹಿಂದೆ ಆಪರೇಷನ್ ಥಿಯೇಟರಿನಲ್ಲಿ ನರ್ಸ್ ಆಗಿದ್ದವರು, ಬಾಯಿ ಸ್ವಲ್ಪ ಜೋರು. ನನ್ನ ಹಾಳೆ ಎತ್ತಿ ಹಿಡಿದು, “ಏನಮ್ಮಾ, ಇಲ್ಲಿಂದ ತೆಗೆದ್ರು, ಅಲ್ಲಿಗೆ ಹಾಕಿದ್ರು. ನಡುವೆ ಕಿಡ್ನಿ ತಾನೇ ಬಸ್ ಹತ್ಕೊಂಡು ಹೋಯ್ತಾ?” ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ನಡುವಿನ ಹಾಳೆಯನ್ನು ನಾನು ಓದಿಯೇ ಇರಲಿಲ್ಲ.

ಆಮೇಲೆ ಓದಿದೆ. ಒಂದು ಮೇಜು. ಮೇಜಿನ ಮೇಲೆ ಮನುಷ್ಯರಿಲ್ಲ, ಮಂಜುಗಡ್ಡೆಯ ನಡುವೆ ಒಂದು ಬಟ್ಟಲು ಮಾತ್ರ. ಒಬ್ಬರು ತಲೆ ಬಗ್ಗಿಸಿ ನಿಂತು ಕಿಡ್ನಿಗೆ ಅಂಟಿದ ಕೊಬ್ಬನ್ನು ಬಿಡಿಸುತ್ತಾರೆ. ನೂಲಿನಂಥ ರಕ್ತನಾಳಗಳನ್ನು ಹುಡುಕಿ ಹುಡುಕಿ ದಾರ ಕಟ್ಟುತ್ತಾರೆ, ನಾಳೆ ಮತ್ತೆ ರಕ್ತ ಹರಿದಾಗ ಒಂದು ತೊಟ್ಟೂ ಸೋರಬಾರದೆಂದು. ಆ ಹೊತ್ತಿನಲ್ಲಿ ಅದು ತೀರಿಕೊಂಡವರದ್ದೂ ಅಲ್ಲ, ಬದುಕುವವರದ್ದೂ ಅಲ್ಲ. ಆದರೂ ಅದೂ ಒಂದು ಶಸ್ತ್ರಚಿಕಿತ್ಸೆಯೇ, ಅದಕ್ಕೆ ಅದರದೇ ಕೋಡ್ ಇದೆ.

ತಲೆಗೆ ಪೆಟ್ಟಾಗಿ ನಮ್ಮ ಮಿಡತೆಯ ಮೆದುಳು ನಿಂತುಹೋಯಿತು ಎಂದ ಆ ದಿನ, ಅಂಗದಾನಕ್ಕೆ ನೀವು ಬರುವವರೆಗೆ ಕಾಯಲು ಡಾಕ್ಟರು ಒಪ್ಪಲಿಲ್ಲ ಎಂದು ನಿಮಗೆ ಹೇಳಿದ್ದೆ. ನೀವು ಗೋಡೆ ಹಿಡಿದುಕೊಂಡು, “ಅವಳನ್ನ ಹಂಚಿಬಿಟ್ಟೆಯಲ್ಲೇ” ಅಂದಿರಿ. ಹನ್ನೊಂದು ತಿಂಗಳು ನನಗೂ ಹಾಗೇ ಕಾಣುತ್ತಿತ್ತು. ಕತ್ತರಿಸಿದರು, ಡಬ್ಬಿಗೆ ಹಾಕಿದರು, ಕೊಟ್ಟು ಕಳಿಸಿದರು.

ನಿನ್ನೆಯ ಹಾಳೆ ಅವಳದ್ದಲ್ಲ, ಪಾಠಕ್ಕೆಂದು ಬರೆದದ್ದು. ಆದರೆ ಅವಳಿಗೂ ಎಲ್ಲೋ ಅಂಥ ಒಂದು ಮೇಜು ಇತ್ತಲ್ಲ. ತಲೆ ಬಾಚುವಾಗ ಅವಳ ಕೂದಲಿನ ಸಿಕ್ಕನ್ನು ನೀವು ಎಳೆಯದೆ, ಒಂದೊಂದೇ ಎಳೆಯಾಗಿ ಬಿಡಿಸುತ್ತಿದ್ದಿರಿ. ಗೊತ್ತಿಲ್ಲದ ಯಾರೋ ಅಷ್ಟೇ ನಿಧಾನವಾಗಿ ಅವಳನ್ನು ಮುಟ್ಟಿದ್ದಾರೆ. ಇದನ್ನು ನಿಮಗೆ ತಿಳಿಸದೆ ಇರಲಾಗಲಿಲ್ಲ.

ಇಪ್ಪತ್ತೆಂಟಕ್ಕೆ ತರಬೇತಿ ಮುಗಿಯುತ್ತದೆ. ವಿಳಾಸ ಲಕೋಟೆಯ ಮೇಲಿದೆ, ನಾಲ್ಕು ಗಂಟೆಗೆ ಈ ಕಟ್ಟಡದ ಮೆಟ್ಟಿಲ ಹತ್ತಿರ ಬನ್ನಿ. ಮಾತಾಡದಿದ್ದರೂ ಸರಿ, ಸ್ವಲ್ಪ ದೂರ ಜೊತೆಗೆ ನಡೆಯೋಣ.

ನಿಮ್ಮ ಊಟ ನಿದ್ದೆಯನ್ನು ಈಗಲೂ ನೆನೆಯುವ,
ಮಿಡತೆಯ ಅಮ್ಮ

ಮರೆತು ಕೆಳಗೆ ಬರೆಯುತ್ತಿರುವುದಲ್ಲ ಇದು, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಡಾಕ್ಟರು ಕಾಯಲು ಒಪ್ಪಿದ್ದರು. “ಅವರಪ್ಪ ಬಂದು ನೋಡ್ಲಿ, ಸಂಜೆವರೆಗೂ ಟೈಮಿದೆ” ಎಂದೇ ಹೇಳಿದ್ದರು. ನೀವು ರೈಲಿನಲ್ಲಿದ್ದಿರಿ, ಇನ್ನೂ ನಾಲ್ಕು ಗಂಟೆಯ ದಾರಿ. ನೀವು ಬಂದು ಅವಳ ಬೆಚ್ಚಗಿನ ಕೈ ಹಿಡಿದರೆ ಬೇಡ ಎನ್ನುತ್ತೀರಿ, ಆಗ ನನ್ನಿಂದಲೂ ಆಗುವುದಿಲ್ಲ ಎಂದು ಹೆದರಿ ಒಪ್ಪಿಗೆಗೆ ಸಹಿ ಹಾಕಿದೆ. ಈಗಲೇ ಒಳಗೆ ಕರೆದುಕೊಂಡು ಹೋಗಿ ಎಂದವಳೂ ನಾನೇ. ಆ ಕೈಯನ್ನು ನಿಮಗೆ ತಪ್ಪಿಸಿದವಳು ನಾನು, ಡಾಕ್ಟರಲ್ಲ. ಇದನ್ನು ಓದಿದ ಮೇಲೂ ಬರಬೇಕು ಅನಿಸಿದರೆ ಬನ್ನಿ.