ಬಣ್ಣಕ್ಕೆ ಕೊಟ್ಟ ಬೆಲೆ

ಮಡಗಾಂವ್, ಗೋವಾ
9 ಫೆಬ್ರುವರಿ 2025

ಪ್ರೀತಿಯ ಹೊನ್ನಕ್ಕನಿಗೆ,

ನಿನ್ನ ತಂಗಿ ಶೀಲಾ ಮಾಡುವ ಶರಣಾರ್ಥಿಗಳು. ನಾನಿಲ್ಲಿ ಗಟ್ಟಿಮುಟ್ಟಾಗಿದ್ದೇನೆ. ಈ ಸಲದ ಚಳಿಗೆ ನಿನ್ನ ಮಂಡಿನೋವು ಹೇಗಿದೆಯೋ. ನಿಮ್ಮ ಆಡೂರಿನ ಕಡೆ ಜೋಳದ ತೆನೆ ಚೆನ್ನಾಗಿ ತುಂಬಿವೆ ಎಂದು ಹಾನಗಲ್ಲಿನಿಂದ ಬಂದವರೊಬ್ಬರು ಹೇಳಿದರು. ಕೇಳಿ ಬಾಯಿಗೆ ಹಸಿ ತೆನೆ ಸುಟ್ಟ ಸೀತನಿಯ ರುಚಿ ಬಂತು.

ಸಂಕ್ರಾಂತಿಗೆ ಮುಂಚೆ ನೀನು ಫೋನು ಮಾಡಿ, "ನಿನ್ನ ಸಲುವಾಗಿ ಅಂಕಿತಾನ ಲಗ್ನ ಮುರೀತು, ನಿನಗ ಎಳ್ಳಷ್ಟೂ ನಾಚಿಕಿ ಇಲ್ಲೇನು?" ಎಂದು ಕೇಳಿದೆ. ನಾನು ಬಾಯಿ ತೆರೆಯುವ ಮೊದಲೇ ನೀನು ಫೋನು ಇಟ್ಟುಬಿಟ್ಟೆ. ಉತ್ತರ ಇಷ್ಟು ತಡವಾಗಿದ್ದಕ್ಕೆ ಕ್ಷಮಿಸು. ಉತ್ತರಕ್ಕೆ ಮಾತ್ರ ಕ್ಷಮೆ ಕೇಳುವುದಿಲ್ಲ. ಕಾಗದವನ್ನು ಫೋನಿನಂತೆ ನಡುವೆ ಕತ್ತರಿಸಲು ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಹರಿದರೂ ಓದಿಯೇ ಹರಿಯುವವಳು ನೀನು.

ಅಣ್ಣ ಶಂಭುಲಿಂಗ ನಿನಗೆ ಏನು ಹೇಳಿದ್ದಾನೋ ಗೊತ್ತಿಲ್ಲ. ನಡೆದದ್ದು ಇಷ್ಟು.

ತನ್ನ ಮಗಳು ಅಂಕಿತಾಳನ್ನು ನೋಡಲು ಶಿಗ್ಗಾಂವಿಯವರು ಬರುತ್ತಾರೆ, ಸೋದರತ್ತೆ ಇರಲೇಬೇಕು ಎಂದು ಅಣ್ಣನೇ ನನ್ನನ್ನು ಹಂಸಭಾವಿಗೆ ಕರೆಸಿದ. ನಾನು ಬಸ್ಸಿಳಿದು ಮನೆ ಮುಟ್ಟುವಷ್ಟರಲ್ಲಿ ಅವನ ಮೊದಲನೆಯ ಮಾತು, "ಅವರ ಮುಂದ ನೀ ಔಷಧ ಕಂಪನಿಯಾಗ ಇದ್ದೀ ಅಂತ ಹೇಳೇನಿ. ಹಂಗ ಇರ್ಲಿ. ಲಿಂಗವಂತರ ಮನಿ, ಹೆಣ್ಮಗಳು ಶೆರೆ-ಸಾರಾಯಿ ಕಂಪನಿಯಾಗ ಅದಾಳ ಅಂದ್ರ ಯಾರು ಸಂಬಂಧ ಮಾಡ್ತಾರ?"

"ಯಾರರ ಕೇಳಿದ್ರ ನಾನು ಸುಳ್ಳು ಹೇಳಂಗಿಲ್ಲ. ಕೇಳದಿದ್ರ ಸುಮ್ಮನಿರ್ತೇನಿ," ಅಂದೆ. ಅಷ್ಟಕ್ಕೆ ಒಪ್ಪಿಕೊಂಡ. ಯಾರು ಕೇಳುತ್ತಾರೆ ಎಂದುಕೊಂಡಿರಬೇಕು.

ಆಮೇಲೆ ಅವನೇ ನನ್ನನ್ನು ಅಟ್ಟಕ್ಕೆ ಕರೆದುಕೊಂಡು ಹೋಗಿ ಒಂದು ಪೆಟ್ಟಿಗೆ ತೋರಿಸಿದ. ಮಖಮಲ್ಲು ಹಾಸು, ಬಂಗಾರದ ಅಕ್ಷರ, ಒಳಗೆ ಶೆರಿ ಪೀಪಾಯಿಯಲ್ಲಿ ಮಾಗಿದ ಸ್ಕಾಚ್ ಸಿಂಗಲ್ ಮಾಲ್ಟ್ ವಿಸ್ಕಿ. ಹುಡುಗನ ಕಾಕಾ ಉಳವಪ್ಪನವರಿಗೆ ಇದರ ಶೋಕಿಯಂತೆ. ಆ ಮನೆಯಲ್ಲಿ ಅವರು ಹೂಂ ಅಂದರೆ ಹೂಂ. ಅದಕ್ಕೆ ಅಣ್ಣ ಬೆಂಗಳೂರಿನಿಂದ ತರಿಸಿಟ್ಟಿದ್ದ. "ರೊಕ್ಕಕ್ಕ ತಕ್ಕ ಮಾಲ್ ಹೌದೇನ? ಬಣ್ಣ ನೋಡು, ಕಾಕಂಬಿ ಹಂಗ ಕಪ್ಪಗೈತಿ," ಅಂದ. ಮುಚ್ಚಿದ ಬಾಟಲಿಯ ಯೋಗ್ಯತೆ ಹೊರಗಿನಿಂದ ಹೇಳಲಾಗದು ಎಂದೆ. ಎರಡು ನಿಮಿಷದ ಹಿಂದೆ ನನ್ನ ಕೆಲಸದ ಬಗ್ಗೆ ಬಾಯಿಬಿಡಬೇಡ ಅಂದವನೇ ಈಗ ಅದೇ ಕೆಲಸ ನನ್ನಿಂದ ಮಾಡಿಸುತ್ತಿದ್ದ. ನಗು ಬಂತು, ನಗಲಿಲ್ಲ.

ನಾನು ಮಾಡುವುದು ಏನೆಂದು ನೀನು ಒಂದು ದಿನವೂ ಕೇಳಿಲ್ಲ ಅಕ್ಕ. ಈಗ ಕೇಳಿಸಿಕೋ. ಬೆಳಿಗ್ಗೆ ನಾಲಿಗೆ ತಿಳಿಯಾಗಿರುವಾಗ ವಿಸ್ಕಿ ಗ್ಲಾಸುಗಳ ಮುಂದೆ ಕೂಡುತ್ತೇನೆ. ಮೂಸುತ್ತೇನೆ, ಒಂದು ಗುಟುಕು ಬಾಯಲ್ಲಿ ಹೊರಳಿಸುತ್ತೇನೆ, ಉಗುಳುತ್ತೇನೆ. ಯಾವ ಪೀಪಾಯಿ ಮಾಗಿದೆ, ಯಾವುದು ಇನ್ನೂ ಕಾಯಬೇಕು, ಯಾವುದು ಕೆಟ್ಟಿತು ಎಂದು ಹೇಳುವುದು ನನ್ನ ಹೊಣೆ. ಅಪ್ಪ ಮೆಣಸಿನಕಾಯಿ ಚೀಲಕ್ಕೆ ಮೂಗು ಹಚ್ಚಿ ಇದು ಯಾವ ಊರ ಹೊಲದ್ದು ಅನ್ನುತ್ತಿದ್ದನಲ್ಲ, ಅಂಥದೇ. ಅಪ್ಪನ ಮೂಗನ್ನು ಜಾಣತನ ಅಂದರು, ನನ್ನದನ್ನು ಕುಲಗೆಟ್ಟ ಮೂಗು ಅಂದರು.

ಮರುದಿನ ಶಿಗ್ಗಾಂವಿಯವರು ಬಂದರು. ಹುಡುಗ ಕಾಲೇಜಿನಲ್ಲಿ ಪಾಠ ಹೇಳುತ್ತಾನೆ, ನೋಡಲು ಲಕ್ಷಣವಾಗಿದ್ದ. ಅಂಕಿತಾ ಅವಲಕ್ಕಿ, ಕುರುಕಲು ಸವಣೂರ ಖಾರ ಕೊಟ್ಟಳು. ಹೆಣ್ಣು ಒಪ್ಪಿಗೆ ಎಂಬ ಕಳೆ ಎಲ್ಲರ ಮುಖದ ಮೇಲೆ ಇತ್ತು. ಹಿರಿಯ ಗಂಡಸರು ಊಟಕ್ಕೆ ಮುಂಚೆ ಅಟ್ಟಕ್ಕೆ ಹೋದರು. ಹೆಣ್ಣುಮಕ್ಕಳಿಗೆ ಏನೂ ಗೊತ್ತಾಗುವುದಿಲ್ಲ ಎಂಬ ಹಾಗೆ, ಕೆಮ್ಮುತ್ತ ಒಬ್ಬೊಬ್ಬರೇ ಹೋದರು.

ಸ್ವಲ್ಪ ಹೊತ್ತಿಗೆ ಅಣ್ಣ ಬೆವರುತ್ತ ಕೆಳಗೆ ಬಂದು ನನ್ನನ್ನು ಅಡಿಗೆಮನೆಯ ಹಿಂದೆ ಎಳೆದುಕೊಂಡು ಹೋದ. "ಉಳವಪ್ಪನವರು ಇದು ಡೂಪ್ಲಿಕೇಟ್ ಅಂತಾರ. ಬೆಂಕಿಕಡ್ಡಿ ವಾಸನಿ ಬರ್ತೈತಂತ. ನನ್ನ ಮಾನ ಹೊಂಟೈತಿ ಶೀಲಾ. ಇಲ್ಲೇ ಗ್ಲಾಸ್ ತಂದ್ಕೊಡ್ತೇನಿ, ನೋಡಿ ನನ್ನ ಕಿವಿಯಾಗ ಹೇಳು. ನಾ ಹೋಗಿ ನಂದೇ ಮಾತು ಅಂತ ಹೇಳ್ತೇನಿ."

ಅಕ್ಕ, ಅಲ್ಲಿಯತನಕ ನಾನು ಸುಮ್ಮನೇ ಇದ್ದೆ. ಆದರೆ ಹಿತ್ತಲಲ್ಲಿ ಪಾತ್ರೆ ತೊಳೆಯುವ ಕಲ್ಲಿನ ಹತ್ತಿರ ನಿಂತು, ಕಳ್ಳಮಾಲು ನೋಡುವವಳ ಹಾಗೆ, ಇಷ್ಟು ವರ್ಷ ಕಲಿತದ್ದನ್ನು ಅವನ ಕಿವಿಗೆ ಊದಿ, ಅವನು ಅದನ್ನು ತನ್ನ ಬಾಯಿಂದ ಹೇಳುವುದೆಂದರೆ? ನನ್ನಿಂದ ಆಗಲಿಲ್ಲ.

"ಪಡಸಾಲಿಗೆ ತರಿಸು. ಎಲ್ಲಾರ ಮುಂದ ನೋಡ್ತೇನಿ. ಇಲ್ಲಾಂದ್ರ ಇಲ್ಲ," ಅಂದೆ.

"ಹುಚ್ಚು ಹಿಡಿದೈತೇನ ನಿನಗ?"

"ಹುಚ್ಚು ಅಲ್ಲ, ನನ್ನ ಉದ್ಯೋಗ."

ಅಷ್ಟರಲ್ಲಿ ಉಳವಪ್ಪನವರೇ ಬಾಟಲಿ ಹಿಡಿದು ಮೆಟ್ಟಿಲಿಳಿದು ಬಂದರು, "ಬೀಗರು ನಮಗ ಟೋಪಿ ಹಾಕಿದ್ರು ನೋಡ್ರಿ," ಎಂದು ನಗುತ್ತ. ನಗೆಯಾದರೂ ಚುಚ್ಚುವ ನಗೆ. ಪಡಸಾಲೆ ತುಂಬ ಜನ. ನಾನು ಮುಂದೆ ಹೋಗಿ, "ಕೊಡ್ರಿ, ನಾ ನೋಡ್ತೇನ್ರಿ," ಅಂದೆ. ಯಾರೂ ಗ್ಲಾಸು ತರಲು ಏಳಲಿಲ್ಲ. ಅಂಕಿತಾ ಎದ್ದಳು. ರೇಷ್ಮೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ತೊಳೆದ ಗ್ಲಾಸು, ತಣ್ಣೀರು, ಉಗುಳಲು ಒಂದು ಬಟ್ಟಲು ತಂದು ಜಮಖಾನದ ಮೇಲಿಟ್ಟಳು.

ಗ್ಲಾಸಿಗೆ ಮೂಗು ತುರುಕಬಾರದು ಅಕ್ಕ, ಬಾಯಿ ಚೂರು ತೆರೆದು ದೂರದಿಂದ ಮೂಸಬೇಕು. ಮೊದಲು ಬಂದದ್ದು ತುಪ್ಪದಲ್ಲಿ ಹುರಿದ ಉತ್ತತ್ತಿ, ಅಂಜೂರ, ಬೆಲ್ಲದ ಪಾಕ. ಹಿಂದೆಯೇ ಗಂಧಕ. ನಾಲ್ಕು ಹನಿ ನೀರು ಬಿಟ್ಟೆ. ಒಮ್ಮೊಮ್ಮೆ ಆ ಗಂಧಕ ಗಾಳಿಗೆ ಹಾರಿಹೋಗುತ್ತದೆ. ಕಾದೆ. ಹೋಗಲಿಲ್ಲ. ಗುಟುಕು ತೆಗೆದುಕೊಂಡು, ಹೊರಳಿಸಿ, ಬಟ್ಟಲಿಗೆ ಉಗುಳಿದೆ. ಹುಡುಗನ ಅಜ್ಜಿ ಕಣ್ಣು ಮುಚ್ಚಿಕೊಂಡರು.

"ಡೂಪ್ಲಿಕೇಟ್ ಅಲ್ರಿ. ಖರೇ ಮಾಲ್ ಐತಿ. ಅಣ್ಣ ನಿಮಗ ಮೋಸ ಮಾಡಿಲ್ಲ," ಅಂದೆ. ಅಣ್ಣನ ಮುಖ ಅರಳಿತು. "ಶೆರಿ ಅಂದ್ರ ಸ್ಪೇನ್ ದೇಶದ ದ್ರಾಕ್ಷಿ ಮದ್ಯ. ಅದಿದ್ದ ಪೀಪಾಯಿ ಕೆಡಬಾರ್ದಂತ ಒಳಗ ಗಂಧಕ ಸುಡ್ತಾರ. ಅದು ಕಟಗಿಯಾಗ ಉಳೀತಂದ್ರ ಒಳಗ ಮಾಗಿಸಿದ ವಿಸ್ಕಿಗೆ ಹಿಂಗ ಬೆಂಕಿಕಡ್ಡಿ ವಾಸನಿ ಬರ್ತೈತಿ. ನಿಮ್ಮ ಮೂಗು ಸುಳ್ಳು ಹೇಳಿಲ್ಲ, ಉಳವಪ್ಪನವರ."

ಅವರ ಮುಖವೂ ಅರಳಿತು. "ಹಂಗಾದ್ರ ಕಿಮ್ಮತ್ತು?"

ಇಲ್ಲಿಗೆ ನಿಲ್ಲಿಸಿದ್ದರೆ ಎಲ್ಲರೂ ನಗುತ್ತ ಉಂಡು ಏಳುತ್ತಿದ್ದರೇನೋ. ಆದರೆ ಕೇಳಿದ್ದಕ್ಕೆ ಇದ್ದದ್ದನ್ನೇ ಹೇಳಬೇಕಲ್ಲ. "ಕೊಟ್ಟಷ್ಟು ಕಿಮ್ಮತ್ತು ಇಲ್ರಿ. ಪೀಪಾಯಿ ಒಂದ ಮಾತಾಡಾಕತ್ತೈತಿ, ಒಳಗಿನ ಮಾಲ್ಟ್, ಅಂದ್ರ ಬಾರ್ಲಿ ಕಾಳಿನ ರುಚಿ, ಬಾಯಿನ ಬಿಡವಲ್ದು. ಎರಡೂ ಕೂಡಿ ಮಾತಾಡಿದ್ರ ಅದು ಛಲೋ ವಿಸ್ಕಿ. ಅಣ್ಣ ಪೆಟಗಿಗೆ ಮತ್ತ ಬಣ್ಣಕ್ಕ ಬೆಲಿ ಕೊಟ್ಟಾನ. ಕಪ್ಪಾದದ್ದೆಲ್ಲಾ ಹಳೇದಲ್ಲ, ಹಳೇದೆಲ್ಲಾ ಒಳ್ಳೇದಲ್ಲ."

ಉಳವಪ್ಪನವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಇಷ್ಟೆಲ್ಲ ಔಷಧ ಕಂಪನಿಯಾಗ ಕಲಸ್ತಾರೇನ್ರಿ?"

ಕೇಳಿಬಿಟ್ಟರು. ಅಣ್ಣ ಕಣ್ಣಲ್ಲೇ ಕೈಮುಗಿಯುತ್ತಿದ್ದ.

"ಔಷಧ ಕಂಪನಿ ಅಲ್ರಿ. ನಾನು ವಿಸ್ಕಿ ಮಾಡ್ತೇನ್ರಿ. ಅದ ನನ್ನ ಉದ್ಯೋಗ."

ಆಗ ಅವರು ಆಡಿದ ಮಾತನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಕೈಯಲ್ಲಿ ಬಾಟಲಿ ಹಿಡಿದುಕೊಂಡೇ ಅಂದರು, "ನೋಡ್ರಿ ಬಾಯಾರ, ಗಂಡಸರು ಕುಡಿಯೋದು ಬ್ಯಾರೆ. ಹೆಣ್ಮಕ್ಕಳು ಅದನ್ನ ತಿಳ್ಕೊಳ್ಳೋದು ಬ್ಯಾರೆ."

"ಹೌದ್ರಿ," ಅಂದೆ, "ಕುಡಿಯಾಕ ಏನೂ ಕಲಿಬೇಕಾಗಂಗಿಲ್ಲ."

ಯಾರೋ ಒಬ್ಬರು ಕಿಸಕ್ಕನೆ ನಕ್ಕರು. ಅಂಕಿತಾ ಎಂದು ಅಣ್ಣ ಹೇಳುತ್ತಾನೆ. ಅವಳಲ್ಲ, ಹುಡುಗನ ಅಜ್ಜಿ.

ಊಟ ಮಾಡಿಯೇ ಹೋದರು, ಹೋಳಿಗೆ ಬಿಡಲಿಲ್ಲ. ಮೂರ್ನಾಲ್ಕು ದಿನಕ್ಕೆ ಹೇಳಿಕಳಿಸಿದರು: ಹುಡುಗಿ ಒಪ್ಪಿಗೆ, ಆದರೆ ಆ ಅತ್ತೆ ಲಗ್ನಕ್ಕೆ ಬರಕೂಡದು, ಮುಂದೆಯೂ ಹೋಗಿಬರುವುದು ಬೇಡ. ಅಣ್ಣ ಒಪ್ಪಿಕೊಂಡ. ನನಗೆ ಹೇಳಲೂ ಇಲ್ಲ. ಈ ಸಂಬಂಧವೇ ಬೇಡ ಅಂದವಳು ಅಂಕಿತಾ.

ಅವಳೇ ಸುದ್ದಿ ಮುಟ್ಟಿಸಿದಾಗ ನಾನು ಅವಳಿಗೆ ಫೋನು ಮಾಡಿ, "ನನ್ನ ಸಲುವಾಗಿ ಛಲೋ ಸಂಬಂಧ ಕಳ್ಕೋಬ್ಯಾಡ ಕೂಸ, ನಾ ಬರದಿದ್ರ ನಡೀತೈತಿ," ಅಂದಿದ್ದೆ. ಇದನ್ನು ಅಣ್ಣ ನಿನಗೆ ಹೇಳಿರುವುದಿಲ್ಲ. ಅವಳು ಏನಂದಳು ಗೊತ್ತೇ? "ನಿನ್ನ ಸಲುವಾಗಿ ಅಲ್ಲ ಅತ್ತಿ. ಅವರ ಕಾಕಾ ಹಂಗ ಅಂದಾಗ ಆ ಹುಡುಗ ಏನರ ಮಾತಾಡ್ತಾನಂತ ಅಂವನ ಮುಖಾನ ನೋಡ್ಕೊಂತ ನಿಂತಿದ್ದೆ. ಅಂವ ಸವಣೂರ ಖಾರ ತಿನ್ಕೊಂತ ಕುಂತಿದ್ದ."

ಹಾಗಾಗಿ ಲಗ್ನ ಮುರಿದವಳು ನಾನಲ್ಲ. ನಾನೇ ಮುರಿದಿದ್ದೇನೆ ಎಂದು ನೀವೆಲ್ಲ ಅಂದರೂ ನನಗೆ ನಾಚಿಕೆಯಿಲ್ಲ. ಇನ್ನೊಮ್ಮೆ ಅಂಥದೇ ಪಡಸಾಲೆಯಲ್ಲಿ ಕೇಳಿದರೂ ಅದೇ ಉತ್ತರ ಕೊಡುತ್ತೇನೆ. ಅಣ್ಣ ನನಗೆ ಮನೆಗೆ ಬರಬೇಡ ಅಂದಿದ್ದಾನೆ. ಅಪ್ಪ ಕಟ್ಟಿಸಿದ ಮನೆ ಅದು, ಬೇಕೆನಿಸಿದಾಗ ಹೋಗುತ್ತೇನೆ. ಅಂಕಿತಾ ಹಿರೇಕೆರೂರಿನ ಶಾಲೆಯ ಕೆಲಸಕ್ಕೆ ಮೊದಲಿನಂತೆ ಹೋಗುತ್ತಿದ್ದಾಳೆ. ದಿನಾ ಫೋನು ಮಾಡುತ್ತಾಳೆ, ಅತ್ತಂತೆ ಕೇಳಿಸಿಲ್ಲ.

ಮಂಡಿಗೆ ಎಳ್ಳೆಣ್ಣೆ ಬಿಸಿಮಾಡಿ ಹಚ್ಚಿಕೋ, ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಮಗ ಬಸವೇಶನಿಗೂ ಅವನ ಹೆಂಡತಿಗೂ ಕೂಸಿಗೂ ನನ್ನ ಆಶೀರ್ವಾದ. ಅವರು ಬೇಡವೆಂದರೂ ಅದು ಅವರದೇ.

ನಿನ್ನ ತಂಗಿ,
ಶೀಲಾ

ತಾ.ಕ.: ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿದ್ದೇನೆ. ಅಂಕಿತಾಳ ಲಗ್ನದ ಬಗ್ಗೆ ನೀನು ಅಂದದ್ದು ನನ್ನನ್ನು ಅಷ್ಟು ನೋಯಿಸಲಿಲ್ಲ ಅಕ್ಕ. ಫೋನು ಇಡುವ ಮೊದಲು ನೀನು ಇನ್ನೊಂದು ಮಾತು ಅಂದೆ: "ನನ್ನ ಮನಿಗೂ ಶೆರೆ ತಂದಾಕಿ ನೀನ." ಅದನ್ನು ಜನ ಅನ್ನುತ್ತಾರೆ ಎಂದು ಗೊತ್ತಿತ್ತು. ನಿನ್ನ ಬಾಯಿಂದ ಕೇಳಿದ್ದು ಮೊದಲ ಸಲ.

ಭಾವ ತೀರಿಕೊಂಡಾಗ ಬಣವೆಯ ಹಿಂದೆ ಬಾಟಲಿಗಳು ಸಿಕ್ಕವು. "ನಾದಿನಿ ಅಂಥಾ ಕಂಪನಿಯಾಗ ಅದಾಳಲ್ಲ, ಆಕಿನ ಕಳಿಸಿರಬೇಕು," ಎಂದು ಯಾರೋ ಅಂದರು. ನೀನು ಅಲ್ಲೇ ಕೂತಿದ್ದೆ. ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. ನಾನು ಒಂದು ಹನಿಯನ್ನೂ ನಿನ್ನ ಹೊಸ್ತಿಲು ದಾಟಿಸಿಲ್ಲವೆಂದು ನಿನಗೆ ಗೊತ್ತು. ನಾನು ಧಾರವಾಡದಲ್ಲಿ ಇನ್ನೂ ಓದುತ್ತಿದ್ದಾಗಲೇ ಭಾವ ಹಾನಗಲ್ಲಿನ ಸಂತೆಯಿಂದ ತೂರಾಡುತ್ತ ಬರುತ್ತಿದ್ದುದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಸತ್ತವರ ಮರ್ಯಾದೆ ಉಳಿಯಲಿ ಎಂದು ನೀನು ಸುಮ್ಮನಿದ್ದೆ. ಅದು ತಿಳಿದು ನಾನೂ ಸುಮ್ಮನಿದ್ದೆ. ಆದರೆ ಬಸವೇಶ ಅದನ್ನೇ ನಂಬಿಕೊಂಡು ಬೆಳೆದ. ನನ್ನ ಸೊಂಟದ ಮೇಲೆ ಬೆಳೆದ ಹುಡುಗ ತನ್ನ ಲಗ್ನಕ್ಕೆ ನನ್ನನ್ನು ಕರೆಯಲಿಲ್ಲ. ಅವನ ಮಗಳ ಮುಖ ನಾನಿನ್ನೂ ನೋಡಿಲ್ಲ.

ಅವನಿಗೆ ಈ ಕಾಗದ ತೋರಿಸಬೇಡ. ಇದ್ದದ್ದನ್ನು ನೀನೇ ಹೇಳು. ಶಿವರಾತ್ರಿಗೆ ಆಡೂರಿಗೆ ಬರುತ್ತಿದ್ದೇನೆ. ನೀನು ಅಷ್ಟರಲ್ಲಿ ಹೇಳಿರು, ಹೇಳದಿರು, ಬರುತ್ತೇನೆ. ಅವನು ಬಾಗಿಲಿಗೆ ಅಡ್ಡ ನಿಂತರೆ ಅಂಗಳದಲ್ಲೇ ಕೂಡುತ್ತೇನೆ. ಈಕೆ ಯಾಕೆ ಏಳುತ್ತಿಲ್ಲ ಎಂದು ಅವನು ಕೇಳಿಯೇ ಕೇಳುತ್ತಾನೆ. ನನ್ನನ್ನಲ್ಲ, ನಿನ್ನನ್ನು.