ಮರುಕಚಿತ್ರಕ್ಕೆ ಒಪ್ಪದ ದ್ಯಾಮವ್ವ

ಗದಗ, ಫೆಬ್ರವರಿ 30, 2214

ನಮಗಿಂತ ಬಹಳ ಮೊದಲು ಬದುಕುತ್ತಿರುವ ಹಿರಿಯರೇ,

ತಾರೀಕು ತಪ್ಪಿಲ್ಲ, ನಮ್ಮ ಕಾಲದಲ್ಲಿ ತಿಂಗಳುಗಳನ್ನು ಬೇರೆ ರೀತಿ ಹಂಚಿದ್ದಾರೆ. ನನ್ನ ಕೆಲವು ಪದಗಳು ನಿಮ್ಮ ಕಿವಿಗೆ ಹೊಸದೆನಿಸಿದರೆ ಮನ್ನಿಸಿ.

ನಾನು ನೀಲಗಂಗಾ, ಇಲ್ಲಿಯ ಕೊನೆಮನೆಯನ್ನು ನಡೆಸುವವಳು. ತಮ್ಮವರೆಂದು ಯಾರೂ ಇಲ್ಲದವರು ಕಡೆಯ ದಿನಗಳನ್ನು ಕಳೆಯುವ ಮನೆಗೆ ನಾವು ಹಾಗೆನ್ನುತ್ತೇವೆ. ಬೇಸಿಗೆಯಲ್ಲಿ ನಮ್ಮೂರಿನ ಅಂಗಡಿಗಳು ಸಂಜೆಯಾದ ಮೇಲಷ್ಟೇ ಬಾಗಿಲು ತೆರೆಯುತ್ತವೆ; ನಡುಹಗಲು ಬೀದಿಯಲ್ಲಿ ನಾಯಿಯೂ ಸುಳಿಯುವುದಿಲ್ಲ. ಆ ಹೊತ್ತಿನಲ್ಲಿ ನಾವು ಕಿಟಕಿಗಳಿಗೆ ಒದ್ದೆ ಲಾವಂಚದ ತಟ್ಟಿ ಕಟ್ಟಿ, ಮಲಗಿದವರ ತುಟಿಗೆ ನೀರು ಸವರುತ್ತ ಕೂತಿರುತ್ತೇವೆ. ಇದರಿಂದ ಯಾರೂ ಗುಣವಾಗುವುದಿಲ್ಲ. ಆದ್ದರಿಂದಲೇ ನೆರವು ಸಿಗುವುದು ಕಷ್ಟ.

ಹೋದ ವರ್ಷ ನಮ್ಮ ಕೈ ಬರಿದಾಯಿತು. ಕೊಡುಮನೆಗೆ, ಅಂದರೆ ಸೇವಾಸಂಸ್ಥೆಗಳಿಗೆ ಅನುದಾನ ಹಂಚುವ ಕಚೇರಿಗೆ, ಅರ್ಜಿ ಹಾಕಿದೆ. ಅರ್ಜಿಯ ಜೊತೆ ಮರುಕಚಿತ್ರ ಇರಲೇಬೇಕೆಂಬುದು ಅಲ್ಲಿಯ ನಿಯಮ: ನೋಡಿದವರ ಕರುಳು ಚುರುಕ್ಕೆನ್ನುವಂಥ ಒಂದು ಮುಖ. ಅದನ್ನು ತೆಗೆಯಲು ಪ್ರಭಂಜನ ಎಂಬ ಅಧಿಕಾರಿ ಬಂದರು. ಕೆಟ್ಟವರಲ್ಲ, ಚಪ್ಪಲಿ ಹೊರಗೆ ಬಿಟ್ಟು, ಎಲ್ಲರಿಗೂ ಕೈ ಮುಗಿದು ಒಳಬಂದರು.

ಆಗ ನಮ್ಮಲ್ಲಿ ದ್ಯಾಮವ್ವ ಇದ್ದರು. ಪ್ರಾಯದಲ್ಲಿ ಕಪ್ಪತಗುಡ್ಡದ ಗಾಳಿಯಂತ್ರಗಳ ಕಂಬ ಏರಿ ರೆಕ್ಕೆ ದುರಸ್ತಿ ಮಾಡುತ್ತಿದ್ದವರು. ಈಗ ಉಸಿರು ಸೋತಿತ್ತು.

"ಆಯೀ, ಸ್ವಲ್ಪ ಕಣ್ಣೀರು ಬಂದ್ರ ಚಲೋ ಇತ್ತು," ಎಂದರು ಪ್ರಭಂಜನ, ತಲೆ ತಗ್ಗಿಸಿ.

"ಸಾಯಾಕ ಬಂದೀನಿ ತಮ್ಮಾ, ಅಳಾಕ ಬಂದಿಲ್ಲ." ದ್ಯಾಮವ್ವ ನನ್ನ ಕಡೆ ತಿರುಗಿದರು. "ನೀಲವ್ವಾ, ತಲಿ ಬಾಚು. ದಿಂಬು ಮ್ಯಾಲ ಮಾಡು."

"ಹಿಂಗ ಕಳಿಸಿದ್ರ ಮ್ಯಾಲಿನವ್ರು ಒಪ್ಪಂಗಿಲ್ರೀ ಅಕ್ಕಾ," ಎಂದು ಪ್ರಭಂಜನ ನನ್ನನ್ನು ಬೇಡಿಕೊಂಡರು.

ಹಣ ನನಗೆ ಬೇಕೇಬೇಕಿತ್ತು. ಆದರೂ ಬಾಚಣಿಗೆ ತಂದೆ. ಬೆಳ್ಳಗಿನ ಆ ಕೂದಲನ್ನು ಎರಡು ಭಾಗ ಮಾಡಿ ಹೆಣೆದೆ. ಚಿತ್ರದಲ್ಲಿ ದ್ಯಾಮವ್ವ ಕತ್ತೆತ್ತಿ, ಮೇಲೇನೋ ಕೆಲಸ ಕಾದಿದೆ ಎಂಬಂತೆ ನೋಡುತ್ತಿದ್ದಾರೆ.

ಕೊಡುಮನೆಯ ಉತ್ತರ ಬಂತು: ನೋವು ಸಾಲದು.

ಎರಡು ಕೋಣೆ ಮುಚ್ಚಿದೆವು. ಅಲ್ಲಿದ್ದ ರುದ್ರಗೌಡರನ್ನು ದೂರದೂರಿನ ಆಶ್ರಮಕ್ಕೆ ಕಳಿಸಬೇಕಾಯಿತು. ದಾರಿಯಲ್ಲೇ, ಬಸ್ ನಿಲ್ದಾಣದ ಬೆಂಚಿನ ಮೇಲೆ, ಅಪರಿಚಿತರ ನಡುವೆ ತೀರಿಕೊಂಡರು. ಆ ಬೆಲೆಯನ್ನು ಮುಚ್ಚಿಟ್ಟು ನಿಮಗೆ ಬರೆಯಲಾರೆ. ದ್ಯಾಮವ್ವನೂ ಮುಂದಿನ ವಾರ ಹೋದರು, ನನ್ನ ಕೈ ಹಿಡಿದುಕೊಂಡೇ. ಆಮೇಲೆ ಪ್ರಭಂಜನ ತಾವಾಗಿ ಕಂಬ ಏರುವವರ ಸಂಘಕ್ಕೆ ಹೋಗಿ ನಮ್ಮ ವಿಷಯ ಹೇಳಿದರಂತೆ. ಸಂಘದವರು ಚಿತ್ರ ಕೇಳಲಿಲ್ಲ. ಒಂದು ವರ್ಷದ ಖರ್ಚು ಕೊಟ್ಟರು. ಮುಚ್ಚಿದ ಕೋಣೆಗಳಲ್ಲಿ ಒಂದನ್ನು ತೆರೆದಿದ್ದೇವೆ.

ಮರುಕಚಿತ್ರ ಕೇಳುವ ರೂಢಿ ನಿಮ್ಮ ಕಾಲದಲ್ಲೇ ಬೇರುಬಿಟ್ಟಿತೆಂದು ನಮ್ಮ ಹಿರಿಯರು ಹೇಳುತ್ತಾರೆ. ನೀವು ನೆರವು ಕೇಳುವವರಾದರೆ ನಾಚದೆ ಕೇಳಿ, ಹತ್ತು ಬಾಗಿಲು ತಟ್ಟಿ. ಆದರೆ ಮಲಗಿದವರ ಮುಖ ಅವರದು. ಕೊಡುವವರಾದರೆ, ಕೊಡುವ ಮೊದಲು ಅವರನ್ನು ಅಳಿಸಬೇಡಿ.

ಬಿಸಿಲು ಇಳಿಯಿತು. ಒಳಗಿನಿಂದ ಯಾರೋ ನೀರು ಕೇಳುತ್ತಿದ್ದಾರೆ. ಬರುತ್ತೇನೆ.

ನಿಮ್ಮ,
ನೀಲಗಂಗಾ