ಎಡಗಾಲಿನ ಚಂದದ ಫೋಟೋಗಳು

18 ಆಗಸ್ಟ್ 2003, ಸೋಮವಾರ, ಬೆಳಿಗ್ಗೆ 7

ಇನ್ಸುಲಿನ್ ಆಯಿತು. ಇಡ್ಲಿ ಎರಡು, ಸಾಂಬಾರ್ ಕಮ್ಮಿ. ಡ್ರೆಸ್ಸಿಂಗ್ ಬಿಚ್ಚಿದೆ, ತೊಳೆದೆ, ಫೋಟೋ ತೆಗೆದೆ, ಮತ್ತೆ ಕಟ್ಟಿದೆ. ಅಷ್ಟೂ ಹೊತ್ತು ವಿನೋದಾ ಪದಬಂಧ ತುಂಬಿಸುತ್ತಿದ್ದಳು. ನೋವಿಲ್ಲ. ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು. ಕಾಲುಂಗುರ ಬಿಗಿಯಾಗಿ ಬೆರಳನ್ನು ಕೊರೆದು ವಾರವಾದರೂ ಅವಳಿಗೆ ತಿಳಿಯಲೇ ಇಲ್ಲ. ನನ್ನ ಕ್ಯಾಮರಾದಲ್ಲಿ ಸೆನ್ಸರ್ ಇದೆ, ನನ್ನ ಹೆಂಡತಿಯ ಕಾಲಿನಲ್ಲಿ ಇಲ್ಲ. ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ ಮಾಡಿದ ಕೆಲಸ.

ಎಡಗಾಲಿನ ಎರಡನೆಯ ಬೆರಳು. ತುದಿ ಕಪ್ಪಾಗಿದೆ. ಬೆರಳು ತೆಗೆಸಿಬಿಡಿ ಎಂದು ನರ್ಸಿಂಗ್ ಹೋಮಿನ ಸರ್ಜನ್ ಶನಿವಾರವೇ ಹೇಳಿದರು. ಇವಳು ಸುತರಾಂ ಒಪ್ಪಲಿಲ್ಲ.

"ಕಾಲುಂಗುರದ ಬೆರಳು ರೀ ಅದು. ಅದೇ ಹೋದ್ರೆ ನೀವು ಬದುಕಿದೀರಿ ಅನ್ನೋದಕ್ಕೆ ಪುರಾವೆ ಏನು?"

ನನ್ನ ಗೊರಕೆ ಸಾಲದೇ ಎಂದೆ. ನಗಲಿಲ್ಲ.

ಕೊನೆಗೆ ಒಪ್ಪಂದವಾಗಿದ್ದು ಹೀಗೆ. ಅವಳ ತಮ್ಮ ಕಮಲಾಕರ ದಾವಣಗೆರೆಯಲ್ಲಿ ಸರ್ಜನ್. ಅವನು ಹೇಳಿದಂತೆ ಕೇಳುತ್ತಾಳೆ. ಅವನಿಗೆ ರಜೆಯಿಲ್ಲ, ದಿನ ಬಿಟ್ಟು ದಿನ ಫೋಟೋ ಇ-ಮೇಲ್ ಮಾಡಿ ಭಾವ ಎಂದಿದ್ದಾನೆ. ಕಪ್ಪು ಬೆರಳಿನ ಬುಡ ದಾಟದಿದ್ದರೆ ಔಷಧಿಯಲ್ಲೇ ಕಾಯಬಹುದು. ದಾಟಿದರೆ ಅದೇ ದಿನ ಆಪರೇಷನ್. ತಡವಾದರೆ ಬೆರಳಲ್ಲ, ಕಾಲು.

ಅಂತೂ ಅವಳ ಬೆರಳಿನ ಭವಿಷ್ಯ ಗುಂಡಿ ಒತ್ತುವ ನನ್ನ ಬೆರಳಿನಲ್ಲಿ.

19, ಮಂಗಳವಾರ, ರಾತ್ರಿ

ಕ್ಯಾಮರಾ ಎರಡು ಮೆಗಾಪಿಕ್ಸೆಲ್. ಸಿಂಗಪುರದಿಂದ ತರಿಸಿದ್ದು. ವೇಲಚೇರಿಯ ಈ ಇಡೀ ಬೀದಿಗೆ ಮೊದಲನೆಯದು ಎಂದು ಮೊನ್ನೆಯವರೆಗೂ ಬೀಗುತ್ತಿದ್ದೆ. ಟ್ಯೂಬ್‌ಲೈಟಿನಲ್ಲಿ ತೆಗೆದರೆ ಪಾದ ಬಾಳೆಕಾಯಿಯ ಬಣ್ಣ. ಕೈ ಅಲುಗಿದರೆ ಮಸುಕು. ಎರಡು ಮೆಗಾಪಿಕ್ಸೆಲ್ ಇದ್ದೂ ಹೀಗೇಕೆ ಎಂದು ಗೊಣಗಿದೆ. ಚಿನ್ಮಯಿ—ಪ್ಲಸ್ ಟೂ ಓದುವ, ಕನ್ನಡದಲ್ಲಿ ಕೇಳಿದರೆ ಈ ಊರಿನ ತಮಿಳಿನಲ್ಲಿ ಉತ್ತರಿಸುವ ನನ್ನ ಮಗಳು—ತಲೆಯೆತ್ತದೆ ಹೇಳಿದಳು: "ಮೆಗಾಪಿಕ್ಸೆಲ್ ಎಲ್ಲಾಂ ಶೋ ಪಾ. ಲೈಟ್ ದಾನ್ ಮುಖ್ಯಂ."

ಬೆಳಕೇ ಮುಖ್ಯವಂತೆ. ಸರಿ, ಫ್ಲ್ಯಾಶ್ ಹಾಕಿದೆ. ಪಾದ ಫಳಫಳ. ವಿನೋದಾಳ ನೇರಳೆ ಸೀರೆಯನ್ನು ಕೆಳಗೆ ಹಾಸಿದೆ. ಝೂಮ್ ಮಾಡಿ ಬೆರಳು ಫ್ರೇಮಿನ ನಟ್ಟನಡುವೆ ಬರುವಂತೆ ಹೊಂದಿಸಿದೆ. ಕಾಲು ಜುಮ್ಮೆನ್ನದಿದ್ದರೇನು, ಕ್ಯಾಮರಾ ಝೂಮ್ ಎನ್ನುತ್ತದಲ್ಲ.

ಹನ್ನೊಂದು ತೆಗೆದೆ. ವಿನೋದಾಳೂ ನೋಡಿ ಒಂದನ್ನು ಆರಿಸಿದಳು. "ಇದನ್ನೇ ಕಳ್ಸಿ. ಆ ಗಲೀಜೆಲ್ಲ ತಮ್ಮನಿಗೆ ತೋರಿಸ್ಬೇಡಿ." ಉಳಿದ ಹತ್ತನ್ನು ಅಳಿಸಿದೆ.

ಫೋನ್ ಲೈನಿನಲ್ಲಿ ಇಂಟರ್ನೆಟ್ ತೆವಳುತ್ತದೆ. ಕಡತ ದೊಡ್ಡದು ಎಂದು ಎರಡು ಸಲ ವಾಪಸಾಯಿತು. ಚಿನ್ಮಯಿ ಕುಗ್ಗಿಸಿ ಕುಗ್ಗಿಸಿ ಕಾಲು ಭಾಗ ಮಾಡಿದಳು. ಕಾಲಿನ ಕಾಲು ಭಾಗ. ಹೋಯಿತು.

21, ಗುರುವಾರ

ಕಮಲಾಕರನ ಫೋನ್. "ಪರವಾಗಿಲ್ಲ ಭಾವ. ಸುತ್ತ ಚರ್ಮ ಪಿಂಕ್ ಐತಿ. ಕಪ್ಪು ಅಲ್ಲೇ ನಿಂತೈತಿ. ಕಾಯೋಣ."

ಮನೆಯಲ್ಲಿ ಹಬ್ಬ. ವಿನೋದಾ ಸಕ್ಕರೆಯಿಲ್ಲದ ಪಾಯಸ ಮಾಡಿಸಿದಳು. ಪಾಯಸದ ಫೋಟೋ ಪಾಯಸಕ್ಕಿಂತ ರುಚಿಯಾಗಿತ್ತು.

24, ಭಾನುವಾರ

ಕಟ್ಟು ಬಿಚ್ಚಿದಾಗ ವಾಸನೆ. ಡೆಟಾಲ್ ಜಾಸ್ತಿ ಹಾಕಿದೆ.

ಬೆರಳಿನ ಬುಡದ ಹತ್ತಿರ ನೀಲಿ ಕಂಡಂತಾಯಿತು... ಫ್ಲ್ಯಾಶ್ ಹಾಕಿ ತೆಗೆದರೆ ಇಲ್ಲ. ನಾನು ಕಂಡಿದ್ದು ಸರಿಯೋ, ಕ್ಯಾಮರಾ ಕಂಡಿದ್ದು ಸರಿಯೋ? ನನಗೆ ಐವತ್ತೆರಡು, ಕಣ್ಣಿಗೆ ಎರಡು ನಂಬರಿನ ಕನ್ನಡಕ. ಕ್ಯಾಮರಾ ಹೊಸದು. ಅದನ್ನೇ ನಂಬಿದೆ.

ಒಂಬತ್ತು ತೆಗೆದು ಒಂದು ಕಳಿಸಿದೆ.

26, ಮಂಗಳವಾರ

ಕಮಲಾಕರ: "ಹೋದ ವಾರದಷ್ಟೇ ಐತಿ ಭಾವ." ಇವಳಿಗೆ ಜ್ವರ ನೂರು. ಹವಾಮಾನ ಎಂದಳು. ಹೌದು, ಹವಾಮಾನ ಎಂದೆ. ಪದಬಂಧ ಖಾಲಿ ಬಿದ್ದಿದೆ.

28, ಗುರುವಾರ, ಬೆಳಿಗ್ಗೆ 11



ನಿನ್ನೆ ಸಂಜೆ ಕೆಳಗಿನ ಮನೆಯ ಕಾಂತಪ್ಪ ಇವಳನ್ನು ನೋಡಿಕೊಂಡು ಹೋಗಲು ಬಂದಿದ್ದರು. ಅರಸೀಕೆರೆಯವರು, ರೈಲ್ವೆಯ ಫೋಟೋಗ್ರಾಫರ್ ಆಗಿ ಇಲ್ಲೇ ರಿಟೈರಾದವರು. ಮದುವೆ ಮುಂಜಿ ಫೋಟೋ ಅಲ್ಲ. ಹಳಿ ತಪ್ಪಿದ ಬೋಗಿ, ಸೀಳಿದ ಅಚ್ಚು, ಅವೇ ಮೂವತ್ತು ವರ್ಷ. ಕಂಪ್ಯೂಟರಿನಲ್ಲಿ ನಾಲ್ಕೂ ಫೋಟೋ ತೋರಿಸಿದೆ. ಹೊಗಳಲಿ ಎಂದೇ ತೋರಿಸಿದೆ, ಸುಳ್ಳೇಕೆ.

ಅವರು ಒಂದೊಂದಾಗಿ ನೋಡಿದರು. ಆಮೇಲೆ ಕ್ಯಾಮರಾ ಕೈಗೆ ತೆಗೆದುಕೊಂಡರು. "ಲೆನ್ಸು ಹೆಸರುಕಾಳಷ್ಟಿದೆ. ಒಳಗಿರೋ ಸೆನ್ಸರ್ ನನ್ನ ಕಿರುಬೆರಳಿನ ಉಗುರಿಗಿಂತ ಚಿಕ್ಕದು. ಪಾಪ, ಅದು ಎಷ್ಟು ಅಂತ ನೋಡತ್ತೆ. ಹೋಗ್ಲಿ. ಮಧುಸೂದನ್ ಸಾರ್, ಇದ್ರಲ್ಲಿ ಮೊದಲನೇದು ಯಾವ್ದು, ಕೊನೇದು ಯಾವ್ದು?"

ತಾರೀಕು ನೋಡಿ ಹೇಳಹೊರಟೆ. ಕೈಯಿಂದ ಮುಚ್ಚಿದರು. "ಗಾಯ ನೋಡಿ ಹೇಳಿ."

ನಾಲ್ಕೂ ಒಂದೇ ಥರ ಕಂಡವು.

"ಹೆಂಗ್ ಗೊತ್ತಾಗತ್ತೆ? ಪ್ರತೀ ಸಲ ಝೂಮ್ ಮಾಡಿ ಒಂದೇ ಸೈಜಿಗೆ ತಂದಿದೀರ. ಗಾಯ ಕಡಲೆಕಾಯಷ್ಟಿದ್ರೂ ಇಷ್ಟೇ, ಕುಂಬಳಕಾಯಷ್ಟಾದ್ರೂ ಇಷ್ಟೇ. ನಾವು ಬಿರುಕಿನ ಪಕ್ಕ ಸ್ಕೇಲ್ ಇಡ್ತಿದ್ವಿ ಸಾರ್. ಒಂದು ಬಿಳೀ ಕಾಗದ, ಬಣ್ಣ ಸರಿಯಾಗಿ ಬಂತಾ ಅಂತ ನೋಡಕ್ಕೆ. ಫ್ಲ್ಯಾಶ್ ಹೊಡೆದ್ರೆ ಆಫೀಸರ್ ಬೆಂಡೆತ್ತೋರು. ಬಿರುಕೇ ಮಾಯ ಆಗತ್ತಲ್ಲ." ತಗ್ಗಿದ ದನಿಯಲ್ಲಿ: "ಮೇಲಿಂದ ಕುಗ್ಗಿಸಿ ಬೇರೆ ಕಳಿಸಿದೀರ. ಅಂಚೆಲ್ಲ ಕಲಸಿ ಹೋಗಿದೆ. ಕಪ್ಪೆಲ್ಲಿ ಮುಗೀತು, ಚರ್ಮ ಎಲ್ಲಿ ಶುರುವಾಯ್ತು, ಆ ಡಾಕ್ಟರಿಗೆ ಹೆಂಗೆ ಕಾಣತ್ತೆ?"

ಅಳಿಸಿದ ಫೋಟೋಗಳಿವೆಯೇ ಎಂದು ಕೇಳಿದರು. ಇಲ್ಲ. ಮೂವತ್ತೈದು ಇದ್ದವು. ಕೆಟ್ಟವು ಎಂದು ನಾನೇ ಅಳಿಸಿದವು.

ನಾನು ಇನ್ಶೂರೆನ್ಸ್ ಕಂಪನಿಯ ಕ್ಲೇಮ್ಸ್ ವಿಭಾಗದವನು. ಜಜ್ಜಿದ ಕಾರಿನ ಫೋಟೋ ಸರಿಯಾಗಿಲ್ಲ ಎಂದು ದಿನಕ್ಕೆ ಹತ್ತು ಫೈಲು ವಾಪಸು ಕಳಿಸುತ್ತೇನೆ.

ಇವತ್ತು ಬೆಳಿಗ್ಗೆ ಕಿಟಕಿಯ ಪಕ್ಕ, ಬಿಸಿಲಿನ ಬೆಳಕು. ಫ್ಲ್ಯಾಶ್ ಇಲ್ಲ. ಕ್ಯಾಮರಾ ಸ್ಟೂಲಿನ ಮೇಲೆ. ಚಿನ್ಮಯಿಯ ಜಾಮಿಟ್ರಿ ಬಾಕ್ಸಿನ ಸ್ಕೇಲು, ಬಿಳಿ ಹಾಳೆ. ಒಂದೇ ಸಲ ಒತ್ತಿದೆ.

ಪರದೆಯ ಮೇಲೆ ದೊಡ್ಡದು ಮಾಡಿದೆ. ಬೆರಳು ಪೂರ್ತಿ ಕಪ್ಪು. ಬುಡ ದಾಟಿ ಪಾದದ ಮೇಲೆ ನಾಲ್ಕು ಸೆಂಟಿಮೀಟರ್ ನೇರಳೆ. ಚಿನ್ಮಯಿ ನನ್ನ ಹಿಂದೆ ನಿಂತಿದ್ದಳು. ಮಗುವಾಗಿದ್ದಾಗಿನ ಹಾಗೆ, ಕನ್ನಡದಲ್ಲಿ, "ಅಪ್ಪ, ಅಮ್ಮನ ಕಾಲಾ ಇದು?" ಎಂದಳು.

ಕುಗ್ಗಿಸದೆ ಕಳಿಸಿದೆ. ನಲವತ್ತು ನಿಮಿಷ ಹಿಡಿಯಿತು.

ಮಧ್ಯಾಹ್ನ 1

ಕಮಲಾಕರನ ಫೋನ್.

"ಭಾವ, ಇದು ಯಾವತ್ತಿನ ಫೋಟೋ?"

"ಇವತ್ತಿಂದು."



"ಹಂಗಾದ್ರೆ ಇಷ್ಟು ದಿನ ಕಳ್ಸಿದ್ದು ಯಾರ ಕಾಲಿನ ಫೋಟೋ?"

30, ಶನಿವಾರ. ಆಸ್ಪತ್ರೆ

ಗುರುವಾರವೇ ಸೇರಿಸಿದೆವು, ಜ್ವರ, ಸಕ್ಕರೆ ಹತೋಟಿಗೆ ಬರಲೆಂದು ಕಾಯಿಸಿದರು. ಕಮಲಾಕರ ರಾತ್ರಿಯೆಲ್ಲ ಪ್ರಯಾಣ ಮಾಡಿ ಬಂದ. ಅಕ್ಕನ ಹಣೆ ಮುಟ್ಟಿದ, ಕಾಲು ನೋಡಿದ, ನನ್ನನ್ನು ನೋಡಲಿಲ್ಲ. ಇಲ್ಲಿಯ ಸರ್ಜನ್ ಪೆನ್ನಿನಲ್ಲಿ ಎರಡು ಗೆರೆ ಎಳೆದರು. ಒಂದು ಪಾದದ ನಡುವೆ. ಇನ್ನೊಂದು ಮೊಣಕಾಲಿನ ಕೆಳಗೆ. ಮೊದಲ ಗೆರೆಯಲ್ಲಿ ಒಳ್ಳೆಯ ರಕ್ತ ಬಂದರೆ ಅಲ್ಲಿಗೇ ನಿಲ್ಲಿಸುತ್ತಾರೆ. ಟೇಬಲಿನ ಮೇಲೇ ತೀರ್ಮಾನ. ನಾಳೆ ಬೆಳಿಗ್ಗೆ.

ಹದಿನಾಲ್ಕು ದಿನದ ಹಿಂದೆ ಒಂದು ಬೆರಳು ಕೇಳಿದ್ದರು.

ವಿನೋದಾಳಿಗೆ ಎಲ್ಲ ಹೇಳಿದೆ. ನೀಲಿ ಕಂಡಿತ್ತು, ಆದರೂ ಚೆನ್ನಾಗಿ ಬಂದದ್ದನ್ನೇ ಕಳಿಸಿದೆ ಎಂದೆ. ಬೈಯಲಿ ಎಂದು ಕಾದೆ.

"ವಾಸನೆ ನನಗೂ ಬಂದಿತ್ತು ರೀ. ಫೋಟೋ ನೋಡಿದ್ರೆ ಸಮಾಧಾನ ಆಗ್ತಿತ್ತು. ದಿನಾ ಒಂದ್ಸಲ ನೋಡ್ಕೊಂತಿದ್ದೆ."

ಇದಕ್ಕಿಂತ ಒಂದು ಏಟು ಹೊಡೆದಿದ್ದರೆ ಚೆನ್ನಾಗಿತ್ತು. ಏನಾದರೂ ತಮಾಷೆ ಹೇಳಿ ಎಂದಳು. ಮೂವತ್ತು ವರ್ಷದಲ್ಲಿ ಮೊದಲ ಸಲ ಅವಳಾಗಿಯೇ ಕೇಳಿದ್ದು. ಒಂದೂ ಬರಲಿಲ್ಲ.

31, ಭಾನುವಾರ, 9.10

ಒಳಗೆ ಕರೆದುಕೊಂಡು ಹೋದರು. ಕಮಲಾಕರನೂ ಒಳಗಿದ್ದಾನೆ. ಅರ್ಧ ಗಂಟೆಯಲ್ಲಿ ಹೊರಗೆ ಬಂದರೆ ಪಾದದ ಗೆರೆಯಲ್ಲೇ ನಿಂತಿತು ಎಂದು ತಿಳಿಯಿರಿ ಭಾವ ಎಂದಿದ್ದಾನೆ. ಎರಡು ದಿನದಲ್ಲಿ ನನ್ನೊಂದಿಗೆ ಆಡಿದ ಒಂದೇ ಮಾತು. ಚಿನ್ಮಯಿ ನನ್ನ ಗಡಿಯಾರ ಬಿಚ್ಚಿ ತನ್ನ ಕೈಗೆ ಕಟ್ಟಿಕೊಂಡಿದ್ದಾಳೆ, ನಾನು ನೋಡಬಾರದೆಂದು. ಗೋಡೆಯ ಮೇಲೆ ಇನ್ನೊಂದಿದೆ.

9.40

ಇಲ್ಲ.

9.55

ಇಲ್ಲ.

11.20

ಬಂದ. ಕಾರಿಡಾರಿನ ಆ ತುದಿಯಲ್ಲಿ ನಿಂತ. ಬಗ್ಗಿ ತನ್ನ ಕಾಲಿನ ಮೇಲೆ ಕೈಯಿಟ್ಟು ತೋರಿಸಿದ. ಪಾದದ ಮೇಲಲ್ಲ.

ಎಚ್ಚರವಾಗಲು ಇನ್ನೊಂದು ಗಂಟೆ ಬೇಕಂತೆ. ಎದ್ದ ಕೂಡಲೇ ಎಲ್ಲಿಯವರೆಗೆ ರೀ ಎಂದು ಕೇಳುತ್ತಾಳೆ. ಹೊದಿಕೆ ಸರಿಸಿ ತೋರಿಸಬೇಕಾದವನು ನಾನೇ. ಹೇಳಬೇಕಾದದ್ದನ್ನು ಇಲ್ಲಿ ಒಮ್ಮೆ ಬರೆದು ನೋಡಿಕೊಳ್ಳೋಣ ಎಂದು ಕುಳಿತೆ. ವಿನೋದಾ, ನೋಡು, ಮೊಣಕಾಲು ಉಳಿದಿದೆ, ಅದರ ಕೆಳಗೆ...